ತಾಳದಿಂದ ತತ್ವಪದದವರೆಗೆ: ಪ್ರಾಥಮಿಕ ಶಾಲೆಯ ಸಂಗೀತ ಪಾಠ

ಪ್ರಾಥಮಿಕ ಶಾಲೆಯ ಸಂಗೀತ ಪಾಠವೆಂದರೆ ನಾಲ್ಕು ಹಾಡು ಬಾಯಿಪಾಠ ಮಾಡಿಸಿ ಆಗಸ್ಟ್ 15ಕ್ಕೆ ಮಕ್ಕಳನ್ನು ವೇದಿಕೆ ಹತ್ತಿಸುವುದು ಎಂಬ ತಿಳಿವಳಿಕೆ ಸಾಮಾನ್ಯ. ಹಾಡು ಆ ಪಾಠದ ಸಾಮಗ್ರಿ ಮಾತ್ರ. ಪಾಠ ಬೇರೆಯೇ ಇದೆ. ಆರರಿಂದ ಹನ್ನೊಂದು ವರ್ಷದೊಳಗಿನ ಮಕ್ಕಳು ಹಾಡಿನ ಮೂಲಕ ಮುಖ್ಯವಾಗಿ ಐದು ಸಂಗತಿ ಕಲಿಯುತ್ತಾರೆ: ಕಿವಿಗೊಟ್ಟು ಕೇಳುವುದು, ಲಯ ಹಿಡಿಯುವುದು, ಶ್ರುತಿಗೆ ದನಿ ಕೂಡಿಸುವುದು, ಹಾಡಿನ ಕಟ್ಟಣೆ ಗುರುತಿಸುವುದು, ಗುಂಪಿನಲ್ಲಿ ಒಬ್ಬರಾಗಿ ಹಾಡುವುದು. ಇವು ಒಂದರ ಮೇಲೊಂದು ಬೆಳೆಯುವ ಕೌಶಲಗಳು. ಸ್ವರಗಳ ಹೆಸರು, ರಾಗದ ಲಕ್ಷಣ, ಸ್ವರಲಿಪಿ ಇವೆಲ್ಲ ಆಮೇಲಿನ ಮಾತು. ಕಿವಿ ಮೊದಲು, ಹೆಸರು ನಂತರ ಎಂಬುದೇ ಈ ವಯಸ್ಸಿನ ಸಂಗೀತ ಶಿಕ್ಷಣದ ಸೂತ್ರ.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ಸೀಮೆಯಲ್ಲಿ ಈ ಪಾಠಕ್ಕೆ ಬೇಕಾದ ಸಾಮಗ್ರಿಯನ್ನು ಹೊರಗಿನಿಂದ ತರಬೇಕಾಗಿಲ್ಲ. ಕನಕದಾಸರು ಹುಟ್ಟಿದ ಬಾಡ ಶಿಗ್ಗಾವಿ ತಾಲ್ಲೂಕಿನಲ್ಲಿದೆ. ತತ್ವಪದಕಾರ ಶರೀಫರ (1819–1889) ಶಿಶುನಾಳವೂ ಅದೇ ತಾಲ್ಲೂಕಿನ ಊರು. ಸರ್ವಜ್ಞನ ಹೆಸರಿನೊಂದಿಗೆ ಸೇರಿಕೊಂಡಿರುವ ಅಬಲೂರು, ಮಾಸೂರು ಹಿರೇಕೆರೂರು ಸೀಮೆಯವು. ಹಿಂದುಸ್ತಾನಿ ಗಾಯಕಿ ಗಂಗೂಬಾಯಿ (1913–2009) ಹುಟ್ಟಿದ್ದು ಧಾರವಾಡದಲ್ಲಾದರೂ ಅವರ ಹೆಸರಿನೊಂದಿಗೆ ಲೋಕಕ್ಕೆಲ್ಲ ತಿಳಿದದ್ದು ಮನೆತನದ ಊರು ಹಾನಗಲ್. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಅದೇ ತಾಲ್ಲೂಕಿನವರು. ಜಾನಪದದ ಅಧ್ಯಯನಕ್ಕೆಂದೇ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ. ಕೀರ್ತನೆ, ತತ್ವಪದ, ತ್ರಿಪದಿ, ಖಯಾಲು ನಾಲ್ಕೂ ಇಲ್ಲಿನ ಮಕ್ಕಳಿಗೆ ನೆರೆಹೊರೆಯ ಊರುಗಳ ಆಸ್ತಿ.

ವೇಳಾಪಟ್ಟಿಯಲ್ಲಿ ಸಂಗೀತ

ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತಕ್ಕೆಂದೇ ಶಿಕ್ಷಕರು ಇರುವುದು ಅಪರೂಪ. ಕನ್ನಡ, ಗಣಿತ, ಪರಿಸರ ಕಲಿಸುವ ತರಗತಿ ಶಿಕ್ಷಕರೇ ಹಾಡನ್ನೂ ಕಲಿಸುತ್ತಾರೆ. ಹಾಗಾಗಿ ಸಂಗೀತ ಪಾಠ ಒಂದು ಅವಧಿಗೆ ಸೀಮಿತವಾಗದೆ ದಿನದ ಮೂರು ನಾಲ್ಕು ಕಡೆ ಹಂಚಿಹೋಗಿರುತ್ತದೆ: ಬೆಳಗಿನ ಪ್ರಾರ್ಥನೆ, ಭಾಷಾ ಪಾಠದ ಪದ್ಯ, ಶನಿವಾರದ ಬ್ಯಾಗ್‌ರಹಿತ ಚಟುವಟಿಕೆ, ಶಾಲಾ ವಾರ್ಷಿಕೋತ್ಸವದ ತಾಲೀಮು.

ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಈ ಪಾಠ ಹೆಚ್ಚಾಗಿ ಸಿಗುವುದು ಚಟುವಟಿಕೆ ಆಧಾರಿತ ನಲಿ-ಕಲಿ ಪದ್ಧತಿಯಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಈ ಪದ್ಧತಿ 2009–10ರಲ್ಲಿ ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳ ಮೊದಲ ಎರಡು ತರಗತಿಗೆ ಬಂತು. ಮೂರನೇ ತರಗತಿ ಆಮೇಲೆ ಸೇರಿಕೊಂಡಿತು. ನಲಿ-ಕಲಿಯಲ್ಲಿ ಹಾಡು ಮನರಂಜನೆಗೆಂದು ನಡುವೆ ಸೇರಿಸಿದ್ದಲ್ಲ. ಕಲಿಕಾ ಮೆಟ್ಟಿಲುಗಳಲ್ಲಿ ಅಕ್ಷರಕ್ಕೂ ಸಂಖ್ಯೆಗೂ ಹೊಂದಿಕೊಂಡ ಹಾಡುಗಳು ಪಾಠದ ಭಾಗವಾಗಿಯೇ ಬರುತ್ತವೆ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರುವ ಈ ವ್ಯವಸ್ಥೆಯಲ್ಲಿ ಎಲ್ಲರೂ ಸೇರಿ ಮಾಡುವ ಚಟುವಟಿಕೆಗಳಲ್ಲಿ ಹಾಡು ಮುಖ್ಯವಾದದ್ದು.

ರಾಷ್ಟ್ರೀಯ ಮಟ್ಟದಲ್ಲೂ ಧೋರಣೆ ಇದೇ ದಿಕ್ಕಿನದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ನಾಟಕ, ಚಿತ್ರಕಲೆಗಳನ್ನು ಹತ್ತನೇ ತರಗತಿಯವರೆಗೆ ಕಲಿಸಲೇಬೇಕಾದ ವಿಷಯವೆಂದು ಹೇಳಿತು. 2024ರಲ್ಲಿ ಎನ್‌ಸಿಇಆರ್‌ಟಿ ಮೂರನೇ ತರಗತಿಗೆ ‘ಬಾಂಸುರಿ’ ಎಂಬ ಕಲಾ ಪಠ್ಯಪುಸ್ತಕ ಹೊರತಂದಾಗ ಈ ನಾಲ್ಕೂ ಕಲೆಗಳು ಒಂದೇ ಪುಸ್ತಕದೊಳಗೆ ಬಂದವು.

ಕೇಳುವ ಪಾಠ

ಮೊದಲ ಪಾಠ ಹಾಡುವುದಲ್ಲ, ಸುಮ್ಮನಿದ್ದು ಕೇಳುವುದು. ಕಣ್ಣು ಮುಚ್ಚಿ ಕುಳಿತ ಮಕ್ಕಳಿಗೆ ಒಂದು ನಿಮಿಷದಲ್ಲಿ ಕೇಳಿದ ಸದ್ದುಗಳನ್ನೆಲ್ಲ ಹೇಳಲು ತಿಳಿಸುವುದು ಹಳೆಯ, ಸುಲಭವಾದ ಅಭ್ಯಾಸ. ಬಿಸಿಯೂಟದ ಕೋಣೆಯ ಪಾತ್ರೆ, ರಸ್ತೆಯ ಟ್ರ್ಯಾಕ್ಟರ್, ಬೇವಿನ ಮರದ ಕಾಗೆ, ದೂರದ ಮಸೀದಿಯ ಬಾಂಗು, ಗುಡಿಯ ಗಂಟೆ ಹೀಗೆ ಪಟ್ಟಿ ಬೆಳೆಯುತ್ತದೆ. ಆ ಪಟ್ಟಿಯಿಂದಲೇ ಮುಂದಿನ ಪ್ರಶ್ನೆಗಳು ಹುಟ್ಟುತ್ತವೆ. ಯಾವುದು ಗಟ್ಟಿ, ಯಾವುದು ಮೆಲು? ಯಾವುದು ಉದ್ದ, ಯಾವುದು ತುಂಡು? ಯಾವುದು ಎತ್ತರದ ದನಿ, ಯಾವುದು ತಗ್ಗಿನದು?

ಇಲ್ಲಿ ಮಕ್ಕಳಿಗೆ ಒಂದು ಗೊಂದಲ ಸಹಜ. ಗಟ್ಟಿಯಾದದ್ದೆಲ್ಲ ಮೇಲಿನ ಸ್ವರ, ಮೆಲ್ಲಗಿನದ್ದೆಲ್ಲ ಕೆಳಗಿನ ಸ್ವರ ಎಂದು ಅವರು ತಿಳಿಯುತ್ತಾರೆ. ‘ದನಿ ಏರಿಸು’ ಎಂಬ ಮಾತಿಗೆ ಮನೆಯಲ್ಲಿ ಇರುವ ಅರ್ಥವೂ ಗಟ್ಟಿಯಾಗಿ ಮಾತಾಡು ಎಂದೇ. ಪೇಟಿಯಲ್ಲಿ (ಹಾರ್ಮೋನಿಯಂ) ಮೇಲಿನ ಸಪ್ತಕದ ಸ್ವರವನ್ನು ಮೆಲ್ಲಗೆ, ಕೆಳಗಿನದ್ದನ್ನು ಜೋರಾಗಿ ನುಡಿಸಿ ತೋರಿಸಿದರೆ ಎತ್ತರ ಬೇರೆ, ಗಟ್ಟಿತನ ಬೇರೆ ಎಂಬುದು ಕಿವಿಗೆ ತಿಳಿಯುತ್ತದೆ. ಪೇಟಿ ಇಲ್ಲದ ಶಾಲೆಯಲ್ಲಿ ನೀರು ತುಂಬಿದ ಸ್ಟೀಲ್ ಲೋಟಗಳು ಸಾಕು. ನೀರು ಹೆಚ್ಚಿದಷ್ಟೂ ಬಡಿದಾಗ ಬರುವ ಸ್ವರ ತಗ್ಗುತ್ತದೆ. ಬಡಿಯುವ ಬಿರುಸು ಬದಲಿಸಿದರೆ ಗಟ್ಟಿತನ ಮಾತ್ರ ಬದಲಾಗುತ್ತದೆ.

ಲಯದ ಪಾಠ

ಸ್ವರಕ್ಕಿಂತ ಮೊದಲು ಮಕ್ಕಳ ಮೈಗೆ ಹತ್ತುವುದು ಲಯ. ಆದರೆ ಚಪ್ಪಾಳೆ ತಟ್ಟಲು ಬರುವುದೂ ಲಯ ಹಿಡಿಯುವುದೂ ಒಂದೇ ಅಲ್ಲ. ಒಂದನೇ ತರಗತಿಯ ಮಗು ಹಾಡಿನ ಒಂದೊಂದು ಅಕ್ಷರಕ್ಕೂ ಚಪ್ಪಾಳೆ ತಟ್ಟುತ್ತದೆ. ಮಾತುಗಳು ಬೇಗ ಬಂದಾಗ ಚಪ್ಪಾಳೆಯೂ ಬೇಗ, ಎಳೆದಾಗ ಚಪ್ಪಾಳೆಯೂ ನಿಂತುಬಿಡುತ್ತದೆ. ಮಾತು ಹೇಗೆ ಓಡಿದರೂ ಕೈ ಒಂದೇ ನಡಿಗೆಯಲ್ಲಿರಬೇಕು ಎಂಬುದನ್ನು ಕಲಿಯುವುದೇ ಈ ಹಂತದ ಸಾಧನೆ. ಬಾಯಲ್ಲಿ ಹಾಡು, ಕೈಯಲ್ಲಿ ತಾಳ ಎರಡೂ ಬೇರೆ ಬೇರೆ ಕೆಲಸ ಎಂದು ಮಗುವಿನ ಮೈಗೆ ತಿಳಿಯಲು ಕೆಲವು ತಿಂಗಳೇ ಬೇಕಾಗಬಹುದು.

ಕಲಿಸುವ ದಾರಿ ಕಾಲಿನಿಂದ ಶುರುವಾಗುತ್ತದೆ. ಅಂಗಳದಲ್ಲಿ ವೃತ್ತವಾಗಿ ನಿಂತ ಮಕ್ಕಳು ಮೊದಲ ಮಾತ್ರೆಗೆ ಕಾಲು ತುಳಿದು, ಉಳಿದ ಎರಡಕ್ಕೆ ಚಪ್ಪಾಳೆ ತಟ್ಟುತ್ತಾರೆ: ತುಳಿ, ತಟ್ಟು, ತಟ್ಟು. ಇದನ್ನೇ ಎರಡು ಸಲ ಮಾಡಿದರೆ ಆರು ಮಾತ್ರೆಯ ದಾದರಾ ತಾಳ. ಒಂದು ತುಳಿತಕ್ಕೆ ಮೂರು ಚಪ್ಪಾಳೆ ಸೇರಿಸಿ ಎರಡು ಸಲ ಮಾಡಿದರೆ ಎಂಟು ಮಾತ್ರೆಯ ಕೆಹರವಾ. ಈ ಸೀಮೆಯ ಭಜನಾ ಮೇಳಗಳಲ್ಲಿ, ಜನಪದ ಹಾಡುಗಳಲ್ಲಿ ಹೆಚ್ಚಾಗಿ ಕೇಳಿಬರುವ ನಡಿಗೆಗಳು ಈ ಎರಡೇ. ಹೆಸರು ಗೊತ್ತಿಲ್ಲದೆಯೂ ಮಕ್ಕಳು ಮೂರರ ನಡೆ ಮತ್ತು ನಾಲ್ಕರ ನಡೆಯನ್ನು ಬೇರ್ಪಡಿಸಬಲ್ಲರಾದರೆ ಪಾಠ ಮುಟ್ಟಿದೆ ಎಂದೇ ಅರ್ಥ. ಮೇಲಿನ ತರಗತಿಗೆ ಹೋದಂತೆ ಹತ್ತು ಮಾತ್ರೆಯ ಝಪ್‌ತಾಳ, ಹದಿನಾರು ಮಾತ್ರೆಯ ತೀನ್‌ತಾಳ ಬರುತ್ತವೆ. ತೀನ್‌ತಾಳದಲ್ಲಿ 1, 5, 13ನೇ ಮಾತ್ರೆಗೆ ಚಪ್ಪಾಳೆ, 9ನೇ ಮಾತ್ರೆಗೆ ಕೈ ಬೀಸಿ ಖಾಲಿ ತೋರಿಸಬೇಕು. ಸದ್ದಿಲ್ಲದ ಜಾಗವೂ ಲೆಕ್ಕದಲ್ಲಿದೆ ಎಂಬುದು ಖಾಲಿಯಿಂದ ತಿಳಿಯುತ್ತದೆ.

ಗುಂಪಿನಲ್ಲಿ ಹಾಡುವಾಗ ಮಕ್ಕಳ ಲಯ ಓಡುತ್ತದೆ. ಮೂರನೇ ಚರಣಕ್ಕೆ ಬರುವಷ್ಟರಲ್ಲಿ ಹಾಡು ಒಂದೂವರೆ ಪಟ್ಟು ವೇಗದಲ್ಲಿರುತ್ತದೆ. ಇದಕ್ಕೆ ಕೋಲಾಟ ಒಳ್ಳೆಯ ಮದ್ದು. ಎದುರಿನವರ ಕೋಲಿಗೆ ತನ್ನ ಕೋಲು ತಾಗಬೇಕಾದ್ದರಿಂದ ಒಬ್ಬರು ಓಡಿದರೆ ಆಟವೇ ಕೆಡುತ್ತದೆ. ಮಾಸ್ತರರು ‘ನಿಧಾನ’ ಎಂದು ಕೂಗದೆಯೇ ಮಕ್ಕಳು ಪರಸ್ಪರರ ಲಯ ತಿದ್ದಿಕೊಳ್ಳುತ್ತಾರೆ.

ಮೈಯಿಂದ ಲಯ ಕಲಿಸುವ ಈ ವಿಧಾನವನ್ನು ಯುರೋಪಿನಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಶಾಸ್ತ್ರವಾಗಿ ರೂಪಿಸಿದವರು ಸ್ವಿಟ್ಜರ್ಲೆಂಡಿನ ಎಮಿಲ್ ಜಾಕ್ ಡಾಲ್‌ಕ್ರೋಜ್. ಜರ್ಮನಿಯ ಕಾರ್ಲ್ ಓರ್ಫ್ ಚಪ್ಪಾಳೆ, ಕಾಲ್ತುಳಿತ, ಸಣ್ಣ ತಾಳವಾದ್ಯಗಳಿಂದ ಶಾಲಾ ಸಂಗೀತ ಕಟ್ಟಿದರು. ಗೌರಿ ಹುಣ್ಣಿಮೆಯ ಕೋಲಾಟ, ಪಂಚಮಿಯ ಜೋಕಾಲಿ ಹಾಡು ಆಡುವ ಮಕ್ಕಳಿಗೆ ಆ ಶಾಸ್ತ್ರದ ಹೆಸರು ಹೊಸದು, ಅಭ್ಯಾಸ ಹೊಸದಲ್ಲ.

ಶ್ರುತಿ ಮತ್ತು ದನಿ

ಶ್ರುತಿಗೆ ದನಿ ಕೂಡಿಸುವುದು ಲಯಕ್ಕಿಂತ ಕಷ್ಟ. ಆರು ವರ್ಷದ ಮಗುವಿನ ದನಿಗೆ ಹಿತವಾಗಿ ನಿಲುಕುವುದು ಐದಾರು ಸ್ವರಗಳಷ್ಟು ಅಗಲ ಮಾತ್ರ. ವಯಸ್ಸಿನೊಂದಿಗೆ ಅದು ಒಂದು ಸಪ್ತಕದವರೆಗೆ ಹರಡಿಕೊಳ್ಳುತ್ತದೆ. ಸಿನಿಮಾ ಹಾಡು, ಟಿವಿ ಸ್ಪರ್ಧೆಯ ಹಾಡುಗಳು ಒಂದೂವರೆ ಸಪ್ತಕ ಓಡಾಡುವುದರಿಂದ ಚಿಕ್ಕ ಮಕ್ಕಳು ಅವನ್ನು ಹಾಡುವಾಗ ಮೇಲೆ ಕಿರುಚುತ್ತಾರೆ, ಕೆಳಗೆ ಗುನುಗುತ್ತಾರೆ. ಹಿಂದಿನವರು ಮಕ್ಕಳಿಗೆಂದು ಕಟ್ಟಿದ ಆಟದ ಹಾಡುಗಳು ಮೂರು ನಾಲ್ಕು ಸ್ವರಗಳಲ್ಲೇ ಸುತ್ತುವುದಕ್ಕೆ ಕಾರಣವಿದೆ.

ಇನ್ನೊಂದು ತೊಡಕು ಕಲಿಸುವವರ ದನಿಯದು. ಗಂಡಸರ ‘ಸಾ’ಗೂ ಮಕ್ಕಳ ‘ಸಾ’ಗೂ ಒಂದು ಸಪ್ತಕದ ಅಂತರ. ಮಾಸ್ತರರು ಪೇಟಿಯ ಕಪ್ಪು ಒಂದನ್ನು ಶ್ರುತಿ ಹಿಡಿದು ತಮ್ಮ ದನಿಯಲ್ಲಿ ಹಾಡಿದಾಗ ಹೆಚ್ಚಿನ ಮಕ್ಕಳು ತಾವಾಗಿಯೇ ಒಂದು ಸಪ್ತಕ ಮೇಲೆ ಹಾಡುತ್ತಾರೆ. ಕೆಲವರು ಮಾತ್ರ ಆ ಗಡಸು ದನಿಯನ್ನೇ ಅನುಕರಿಸಲು ಹೋಗಿ ಎದೆಯಿಂದ ಒಂದೇ ಸ್ವರದಲ್ಲಿ ಗುಡುಗುತ್ತಾರೆ. ಅವರಿಗೆ ‘ಬೇಸೂರು’ ಎಂಬ ಹಣೆಪಟ್ಟಿ ಬೀಳುವುದು ಇಲ್ಲೇ. ಚೆನ್ನಾಗಿ ಹಾಡುವ ಒಂದು ಮಗುವನ್ನೇ ಮುಂದೆ ನಿಲ್ಲಿಸಿ ಸಾಲು ಹೇಳಿಸಿದರೆ ಉಳಿದವರು ಬೇಗ ಹಿಡಿಯುತ್ತಾರೆ. ಮಗುವಿನ ದನಿ ಮಗುವಿನ ಕಿವಿಗೆ ಸಮೀಪ. ಮಗು ಹಿಡಿದ ಸ್ವರಕ್ಕೆ ಮೊದಲು ಮಾಸ್ತರರೇ ಬಂದು ಸೇರಿ, ಅಲ್ಲಿಂದ ಒಂದೊಂದೇ ಸ್ವರ ಮೇಲಕ್ಕೆ ಕರೆದೊಯ್ಯುವುದು ಇನ್ನೊಂದು ದಾರಿ. ಹೊಲದ ಆ ತುದಿಯಲ್ಲಿರುವವರನ್ನು ಕೂಗಿ ಕರೆಯುವ ಎಳೆದ ದನಿಯನ್ನು ಆಟವಾಗಿ ಮಾಡಿಸಿದರೆ ಮೇಲಿನ ಸ್ವರಗಳು ಮಗುವಿಗೆ ತಾನಾಗಿ ಸಿಗುತ್ತವೆ. ಹಾಡಲು ಬಾರದ ಮಗು ಎಂದು ಈ ವಯಸ್ಸಿನಲ್ಲಿ ತೀರ್ಮಾನಿಸಲು ಆಧಾರವಿಲ್ಲ. ಬಹುಪಾಲು ಮಕ್ಕಳಿಗೆ ಬೇಕಾಗಿರುವುದು ಅಭ್ಯಾಸ.

ಕೂಗುವುದಕ್ಕೂ ಹಾಡುವುದಕ್ಕೂ ಇರುವ ವ್ಯತ್ಯಾಸವೂ ಈ ಹಂತದ ಪಾಠವೇ. ಅದರ ಪರೀಕ್ಷೆ ದಿನವೂ ಬೆಳಗಿನ ಪ್ರಾರ್ಥನೆಯಲ್ಲಿ ನಡೆಯುತ್ತದೆ. ಅಲ್ಲಿ ಹಾಡುವ ಕುವೆಂಪು ಅವರ ಕವನ 2004ರಲ್ಲಿ ನಾಡಗೀತೆಯಾಗಿ ಅಂಗೀಕಾರವಾಯಿತು. ಯಾವ ಧಾಟಿ, ಎಷ್ಟು ಹೊತ್ತು ಎಂಬ ಚರ್ಚೆ ಮುಗಿದದ್ದು 2022ರಲ್ಲಿ. ಆಲಾಪ ಮತ್ತು ಪುನರಾವರ್ತನೆ ಇಲ್ಲದೆ, ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರಕಾರ ನಿಗದಿ ಮಾಡಿತು. ಅಷ್ಟು ಉದ್ದದ, ಸಂಸ್ಕೃತ ಪದಗಳು ತುಂಬಿದ ಹಾಡನ್ನು ಒಂದನೇ ತರಗತಿಯ ಮಗು ಅರ್ಥದಿಂದ ಕಲಿಯುವುದಿಲ್ಲ, ಧಾಟಿಯಿಂದ ಕಲಿಯುತ್ತದೆ. ಮೊದಲು ಸಾಲಿನ ಕೊನೆಯ ಪದಗಳು, ಆಮೇಲೆ ಪಲ್ಲವಿ, ಆಮೇಲೆ ನಡುವಿನ ಸಾಲುಗಳು ಬಾಯಿಗೆ ಬರುತ್ತವೆ. ಶ್ರುತಿ ಎತ್ತರವಾಗಿ ಹಿಡಿದ ದಿನ ಮೈದಾನದ ಹಿಂದಿನ ಸಾಲುಗಳು ಕೂಗುತ್ತವೆ; ಸರಿಯಾಗಿ ಹಿಡಿದ ದಿನ ಹಾಡುತ್ತವೆ.

ಸ್ವರಕ್ಕೆ ಹೆಸರು

ಎರಡು ಮೂರು ವರ್ಷ ಹೀಗೆ ಹಾಡಿದ ಮಕ್ಕಳಿಗೆ ಸಾ, ರಿ, ಗ, ಮ, ಪ, ಧ, ನಿ ಹೊಸ ಹೊರೆಯಾಗುವುದಿಲ್ಲ. ಆಗಲೇ ಗೊತ್ತಿರುವ ಎತ್ತರಗಳಿಗೆ ಹೆಸರು ಸಿಕ್ಕಂತಾಗುತ್ತದೆ. ಷಡ್ಜ, ಪಂಚಮ ಅಲುಗಾಡದ ಸ್ವರಗಳು. ಉಳಿದ ಐದಕ್ಕೆ ಎರಡೆರಡು ರೂಪ. ಒಟ್ಟು ಹನ್ನೆರಡು. ಪೇಟಿಯ ಒಂದು ಸಪ್ತಕದಲ್ಲಿ ಬಿಳಿ ಏಳು, ಕಪ್ಪು ಐದು ಪಟ್ಟಿಗಳನ್ನು ಎಣಿಸಿ ಮಕ್ಕಳೇ ಇದನ್ನು ಕಂಡುಕೊಳ್ಳಬಹುದು.

ಕರ್ನಾಟಕದಲ್ಲಿ ಎರಡು ಪದ್ಧತಿಗಳಿರುವುದರಿಂದ ಮೊದಲ ಸ್ವರಪಾಠವೂ ಎರಡು ಬಗೆ. ಮೈಸೂರು ಕಡೆಯ ಮಗು ಪುರಂದರದಾಸರ ಹೆಸರಿನಲ್ಲಿ ಬಂದಿರುವ ಸರಳೆ ವರಸೆಯನ್ನು ಮಾಯಾಮಾಳವಗೌಳ ರಾಗದಲ್ಲಿ ಹಾಡುತ್ತದೆ. ಹಾವೇರಿ, ಧಾರವಾಡ, ಗದಗ ಸೀಮೆಯಲ್ಲಿ ಹಿಂದುಸ್ತಾನಿ ಪದ್ಧತಿ ನೆಲೆಯೂರಿದ್ದರಿಂದ ಇಲ್ಲಿನ ಮಗು ಬಿಲಾವಲ್ ಥಾಟಿನ ಶುದ್ಧ ಸ್ವರಗಳಿಂದ ತೊಡಗುತ್ತದೆ. ಸಾರಿಗ, ರಿಗಮ, ಗಮಪ ಎಂದು ಮೂರು ಮೂರು ಸ್ವರಗಳನ್ನು ಮೆಟ್ಟಿಲಾಗಿ ಹತ್ತಿ ಇಳಿಯುವ ಅಲಂಕಾರಗಳು ಮೊದಲ ಅಭ್ಯಾಸ. ಸಂಗೀತದ ಮನೆಗಳಲ್ಲೂ ಈ ಎರಡು ಪದ್ಧತಿಗಳು ಒಂದನ್ನೊಂದು ದಾಟಿವೆ. ಗಂಗೂಬಾಯಿ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹುಲಗೂರ ಕೃಷ್ಣಾಚಾರ್ಯರಲ್ಲಿ ಹಿಂದುಸ್ತಾನಿ ಚೀಜುಗಳನ್ನು ಕಲಿತು, ಆಮೇಲೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಿರಾನಾ ಘರಾಣೆಯ ತಾಲೀಮು ಪಡೆದರು.

ಮಕ್ಕಳಿಗೆ ಮೊದಲು ಹೇಳಿಕೊಡುವ ರಾಗ ಸಾಮಾನ್ಯವಾಗಿ ಭೂಪ. ಸಾ, ರಿ, ಗ, ಪ, ಧ ಐದೇ ಸ್ವರ, ಎಲ್ಲವೂ ಶುದ್ಧ. ಮಧ್ಯಮ, ನಿಷಾದ ಎರಡೂ ಇಲ್ಲದ್ದರಿಂದ ಅರ್ಧ ಸ್ವರದ ಇಕ್ಕಟ್ಟಾದ ಜಾಗಗಳೇ ಇರುವುದಿಲ್ಲ. ಮಗು ಎಲ್ಲಿ ಕಾಲಿಟ್ಟರೂ ಜಾರದು. ಕರ್ನಾಟಕ ಸಂಗೀತದಲ್ಲಿ ಇದೇ ಸ್ವರಗಳ ರಾಗ ಮೋಹನ. ಒಂದು ರಾಗದಲ್ಲಿ ನಾಲ್ಕು ಹಾಡು ಕಲಿತ ಮೇಲೆ, ಈ ನಾಲ್ಕೂ ಹಾಡುಗಳು ಒಂದೇ ಮನೆಯವು ಎಂದು ಮಕ್ಕಳ ಕಿವಿಗೆ ಹೊಳೆದರೆ ರಾಗದ ಕಲ್ಪನೆ ಬಂದಹಾಗೆ. ಆರೋಹ, ಅವರೋಹ, ವಾದಿ, ಸಂವಾದಿ ಎಂಬ ಲಕ್ಷಣಗಳನ್ನು ಬರೆಸುವುದು ಅದಾದ ಮೇಲಿನ ಕೆಲಸ.

ಬರೆದ ಸ್ವರ ಓದುವುದು ನಾಲ್ಕು ಐದನೇ ತರಗತಿಯ ಮಟ್ಟಿಗೆ ಕೇವಲ ಪರಿಚಯ. ವಿಷ್ಣು ನಾರಾಯಣ ಭಾತಖಂಡೆ ರೂಪಿಸಿದ ಲಿಪಿಯಲ್ಲಿ ಕೋಮಲ ಸ್ವರದ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮದ ಮೇಲೆ ಉದ್ದಗೆರೆ, ಮಂದ್ರ ಸ್ವರದ ಕೆಳಗೆ ಚುಕ್ಕೆ, ತಾರ ಸ್ವರದ ಮೇಲೆ ಚುಕ್ಕೆ ಇರುತ್ತದೆ. ಗೊತ್ತಿರುವ ಹಾಡಿನ ಒಂದು ಸಾಲನ್ನು ಈ ಲಿಪಿಯಲ್ಲಿ ಬೋರ್ಡಿನ ಮೇಲೆ ಬರೆದು, ಯಾವ ಹಾಡು ಎಂದು ಗುರುತಿಸಲು ಹೇಳಿದರೆ ಲಿಪಿಯ ಪ್ರಯೋಜನ ಮಕ್ಕಳಿಗೆ ತಾನೇ ಗೊತ್ತಾಗುತ್ತದೆ.

ಮಾತೃಭಾಷೆಯ ಜನಪದ ಹಾಡು ಮೊದಲು, ಲಿಪಿ ಆಮೇಲೆ ಎಂಬ ತತ್ವವನ್ನು ಒಂದು ಇಡೀ ದೇಶದ ಶಾಲೆಗಳಲ್ಲಿ ಜಾರಿಗೆ ತಂದವರು ಹಂಗೇರಿಯ ಜೋಲ್ಟಾನ್ ಕೊಡಾಯ್ (1882–1967). ಹಳ್ಳಿಗಳಲ್ಲಿ ಹಾಡು ಸಂಗ್ರಹಿಸಿದ ಆ ಸಂಗೀತಕಾರನ ಪ್ರೇರಣೆಯಿಂದ 1950ರಲ್ಲಿ ಕೆಚ್ಕೆಮೇಟ್ ಊರಿನಲ್ಲಿ ದಿನವೂ ಹಾಡು ಕಲಿಸುವ ಪ್ರಾಥಮಿಕ ಶಾಲೆ ಆರಂಭವಾಯಿತು. ಸ್ವರಗಳನ್ನು ಕೈಸನ್ನೆಯಿಂದ ತೋರಿಸುವ ಕ್ರಮ ಕೊಡಾಯ್ ಪದ್ಧತಿಯೊಂದಿಗೆ ಹಲವು ದೇಶಗಳ ಶಾಲೆಗಳಿಗೆ ಹಬ್ಬಿತು.

ಹಾಡಿನ ಕಟ್ಟಣೆ

ಪ್ರತಿ ಹಾಡಿಗೂ ಒಂದು ಕಟ್ಟಡವಿದೆ ಎಂದು ತಿಳಿದ ಮಗು ಹಾಡನ್ನು ಬೇಗ ಕಲಿಯುತ್ತದೆ, ಬೇಗ ಮರೆಯುವುದಿಲ್ಲ. ಯಾವ ಸಾಲು ಮರಳಿ ಬರುತ್ತದೆ, ಎಲ್ಲಿ ಧಾಟಿ ಬದಲಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬ ಮೂರು ಪ್ರಶ್ನೆಗಳಿಂದ ಇದನ್ನು ಕಲಿಸಬಹುದು. ಈ ಸೀಮೆಯ ಮೂವರು ಕವಿಗಳು ಮೂರು ಬೇರೆ ಮಾದರಿಗಳನ್ನು ಕೊಟ್ಟಿದ್ದಾರೆ.

ಕನಕದಾಸರ ಕೀರ್ತನೆಯಲ್ಲಿ ಪಲ್ಲವಿ, ಅನುಪಲ್ಲವಿ, ಚರಣಗಳ ಕ್ರಮ ಸ್ಪಷ್ಟ. ಪಲ್ಲವಿ ಹಾಡಿನ ಮನೆ. ಪ್ರತಿ ಚರಣವೂ ಹೊರಗೆ ಹೋಗಿ ಅಲ್ಲಿಗೇ ಮರಳುತ್ತದೆ. ಕನಕ ಜಯಂತಿಗೆ ಒಂದು ಕೀರ್ತನೆ ಕಲಿಸುವ ಶಾಲೆಯಲ್ಲಿ ಅರ್ಧ ತರಗತಿ ಪಲ್ಲವಿ, ಇನ್ನರ್ಧ ಚರಣ ಹಾಡಿದರೆ ಈ ಕಟ್ಟಣೆ ಮಕ್ಕಳ ಕಣ್ಣಿಗೇ ಕಾಣಿಸುತ್ತದೆ.

ಶರೀಫರ ತತ್ವಪದವೂ ಪಲ್ಲವಿಯ ಹಾಡೇ. ಆದರೆ ಅದು ಮುಂದಾಳು ಮತ್ತು ಮೇಳದ ನಡುವೆ ಹಂಚಿಕೆಯಾಗುತ್ತದೆ. ಒಬ್ಬರು ಚರಣ ಎತ್ತುತ್ತಾರೆ, ಮೇಳ ಪಲ್ಲವಿ ಹಿಡಿಯುತ್ತದೆ. ಮನೆಮಾತಿನ ಪದಗಳು, ದಿನನಿತ್ಯದ ವಸ್ತುಗಳು, ಚುರುಕಾದ ನಡೆ ಇರುವುದರಿಂದ ಒಳಗಿನ ಅರ್ಥ ತಿಳಿಯದಿದ್ದರೂ ಮಕ್ಕಳು ಅದನ್ನು ಆಡುತ್ತಲೇ ಹಾಡುತ್ತಾರೆ. ಶರೀಫರೇ ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ಇವತ್ತಿನ ಮಕ್ಕಳಿಗೆ ಅವರ ಪದಗಳು ಎರಡು ಧಾಟಿಗಳಲ್ಲಿ ಸಿಗುತ್ತವೆ. ಒಂದು, ಊರ ಭಜನಾ ಮೇಳದ್ದು. ಇನ್ನೊಂದು, ಸಿ. ಅಶ್ವತ್ಥ್ ಸಂಯೋಜಿಸಿ ಧ್ವನಿಸುರುಳಿಯಲ್ಲೂ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲೂ ಪ್ರಚಾರಕ್ಕೆ ತಂದದ್ದು. ಒಂದೇ ಪದವನ್ನು ಎರಡೂ ಧಾಟಿಯಲ್ಲಿ ಕೇಳಿಸಿ ಏನು ಬದಲಾಯಿತು, ಏನು ಉಳಿಯಿತು ಎಂದು ಕೇಳುವುದು ಐದನೇ ತರಗತಿಗೆ ಒಪ್ಪುವ ಅಭ್ಯಾಸ. ಸಾಹಿತ್ಯ ಬೇರೆ, ಧಾಟಿ ಬೇರೆ ಎಂಬ ಅರಿವು ಅಲ್ಲಿಂದ ಬರುತ್ತದೆ.

ಸರ್ವಜ್ಞನ ವಚನ ತ್ರಿಪದಿಯಲ್ಲಿದೆ. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಂಡು ಬಂದದ್ದೂ ಇದೇ ಛಂದಸ್ಸು. ಮೂರು ಸಾಲುಗಳಲ್ಲಿ ನಾಲ್ಕು, ನಾಲ್ಕು, ಮೂರು ಎಂದು ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಮಕ್ಕಳಿಗೆ ಈ ಲೆಕ್ಕ ಬೇಕಿಲ್ಲ. ಅವರು ಗಮನಿಸಬೇಕಾದದ್ದು ಬೇರೆ. ಓದುವಾಗ ಮೂರು ಸಾಲಿರುವ ತ್ರಿಪದಿ ಹಾಡುವಾಗ ಎರಡನೆಯ ಸಾಲಿನ ಮಾತುಗಳು ಮರುಕಳಿಸಿ ನಾಲ್ಕು ಸಾಲಾಗಿ ಕೇಳಿಸುತ್ತದೆ. ಕನ್ನಡ ಪಾಠದಲ್ಲಿ ಓದಿದ ವಚನವನ್ನೇ ಅಜ್ಜಿಯ ಬೀಸುವ ಪದದ ಧಾಟಿಗೆ ಕೂರಿಸಿ ಹಾಡಿಸಿದರೆ ಛಂದಸ್ಸು ಎಂಬುದು ಕಿವಿಯ ವಿಷಯ ಎಂದು ಗೊತ್ತಾಗುತ್ತದೆ.

ಮೂವರ ಹಾಡುಗಳೂ ಅಂಕಿತದೊಂದಿಗೆ ಮುಗಿಯುತ್ತವೆ. ಒಬ್ಬರದು ಕಾಗಿನೆಲೆಯಾದಿಕೇಶವ, ಇನ್ನೊಬ್ಬರದು ಶಿಶುನಾಳಾಧೀಶ, ಮತ್ತೊಬ್ಬರದು ಸರ್ವಜ್ಞ. ಅಂಕಿತ ಬಂದಾಗ ಹಾಡು ಮುಗಿಯುವ ಹೊತ್ತಾಯಿತು ಎಂದೂ ಇದು ಯಾರ ಹಾಡು ಎಂದೂ ಮಗು ಹೇಳಬಲ್ಲದು.

ವಾದ್ಯಗಳ ಪರಿಚಯ

ಭರತನ ನಾಟ್ಯಶಾಸ್ತ್ರ ವಾದ್ಯಗಳನ್ನು ನಾಲ್ಕಾಗಿ ವಿಂಗಡಿಸಿತು: ತಂತಿಯ ತತ, ಗಾಳಿಯ ಸುಷಿರ, ಚರ್ಮದ ಅವನದ್ಧ, ಲೋಹ ಅಥವಾ ಕಟ್ಟಿಗೆಯ ಘನ. ಮಕ್ಕಳಿಗೆ ಹೆಸರಿಗಿಂತ ವಿಂಗಡಣೆಯ ತತ್ವ ಮುಖ್ಯ: ಯಾವುದು ಅದುರಿ ಸದ್ದಾಗುತ್ತದೆ? ಏಕತಾರಿ, ತಂಬೂರಿಯಲ್ಲಿ ತಂತಿ. ಕೊಳಲು, ಶಹನಾಯಿಯಲ್ಲಿ ಗಾಳಿ. ಡೊಳ್ಳು, ಹಲಗೆ, ತಬಲಾ, ದಮಡಿಯಲ್ಲಿ ಚರ್ಮ. ತಾಳ, ಜಾಂಜ್, ಗಂಟೆಯಲ್ಲಿ ಲೋಹ. ಪೇಟಿಯನ್ನು ಮಕ್ಕಳು ಮೊದಲು ತಂತಿವಾದ್ಯ ಎಂದುಕೊಳ್ಳುವುದುಂಟು. ತಿದಿ ಒತ್ತಿ, ಮೇಲ್ಮುಚ್ಚಳ ತೆಗೆದು, ಗಾಳಿಗೆ ಅದುರುವ ಹಿತ್ತಾಳೆಯ ನಾಲಗೆಗಳನ್ನು ತೋರಿಸಿದರೆ ಅದು ಗಾಳಿವಾದ್ಯ ಎಂದು ಒಪ್ಪುತ್ತಾರೆ. ಉದ್ದ ನಾಲಗೆಗೆ ತಗ್ಗಿನ ಸ್ವರ, ಗಿಡ್ಡದ್ದಕ್ಕೆ ಎತ್ತರದ ಸ್ವರ ಎಂಬುದನ್ನು ಆಗಲೇ ನೋಡಬಹುದು. ಹೋಳಿ ಹುಣ್ಣಿಮೆಯ ದಿನ ಹಲಗೆಯನ್ನು ಬೆಂಕಿಗೆ ಹಿಡಿಯುವುದೇಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ: ಕಾದ ಚರ್ಮ ಬಿಗಿಯಾಗುತ್ತದೆ, ಬಿಗಿಯಾದ ಚರ್ಮದ ಸ್ವರ ಏರುತ್ತದೆ.

ವಾದ್ಯ ಮುಟ್ಟುವುದಕ್ಕೆ ಸಾಮಾಜಿಕ ಮುಖವೂ ಇದೆ. ಹಲಗೆ ಬಾರಿಸುವುದು ದಲಿತರ ಕೆಲಸ ಎಂದು ಹೊರಿಸಿದ, ಡೊಳ್ಳು ಒಂದು ಸಮುದಾಯದ್ದು, ತಂಬೂರಿ ಇನ್ನೊಬ್ಬರದು ಎಂದು ಹಂಚಿಕೊಂಡ ಊರುಗಳಲ್ಲಿ ಶಾಲೆಯ ಅಂಗಳ ಮಾತ್ರ ಎಲ್ಲ ಮಕ್ಕಳ ಕೈಗೂ ಎಲ್ಲ ವಾದ್ಯ ಕೊಡಬಲ್ಲ ಜಾಗ. ಹಾಡಿಗೂ ಇಂಥ ಮುಖವಿತ್ತು: ಹಾಡುವ ಹೆಣ್ಣುಮಕ್ಕಳನ್ನು ಬೀದಿಯಲ್ಲಿ ಹೀಯಾಳಿಸುತ್ತಿದ್ದ ಕಾಲವನ್ನು ಗಂಗೂಬಾಯಿ ಬಾಲ್ಯದಲ್ಲಿ ಕಂಡವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅವರು ಗಾಂಧೀಜಿಯ ಎದುರು ಹಾಡಿದಾಗ ಇನ್ನೂ ಹನ್ನೊಂದರ ಹುಡುಗಿ.

ಸೇರಿ ಹಾಡುವುದು

ಗುಂಪಿನಲ್ಲಿ ಹಾಡುವ ಮಗು ತನ್ನ ದನಿಯ ಜೊತೆಗೆ ಪಕ್ಕದವರ ದನಿಯನ್ನೂ ಕೇಳಬೇಕು, ತನ್ನ ಸರದಿಗೆ ಕಾಯಬೇಕು, ಎಲ್ಲರೊಂದಿಗೆ ಶುರು ಮಾಡಿ ಎಲ್ಲರೊಂದಿಗೆ ನಿಲ್ಲಿಸಬೇಕು. ಹಾಡು ಕಟ್ಟುನಿಟ್ಟಾಗಿ ನಿಲ್ಲುವುದು ಆರಂಭಕ್ಕಿಂತ ಕಷ್ಟ. ಕೊನೆಯ ಸ್ವರವನ್ನು ಎಷ್ಟು ಮಾತ್ರೆ ಹಿಡಿಯಬೇಕೆಂದು ಎಣಿಸಿ ಕಲಿಸಬೇಕಾಗುತ್ತದೆ.

ಯಾರ ಹಾಡು ಎಂಬ ಪ್ರಶ್ನೆಯೂ ಇಲ್ಲಿ ಬರುತ್ತದೆ. ನವಾಬರ ಊರಾಗಿದ್ದ ಸವಣೂರಿನಲ್ಲಿ ಉರ್ದು ಮಾಧ್ಯಮದ ಶಾಲೆಗಳಿವೆ. ಜಿಲ್ಲೆಯ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳ ಮನೆಯ ಹಾಡಿನ ಭಾಷೆ, ಧಾಟಿ ಎರಡೂ ಬೇರೆ. ಆಷಾಢದ ಗುಳ್ಳವ್ವನ ಹಾಡು, ಮಳೆ ಬಾರದಾಗಿನ ಗುರ್ಜಿ ಹಾಡು, ಮೊಹರಂ ಹೊತ್ತಿನ ರಿವಾಯತ್ ಪದ ಇವೆಲ್ಲ ಮಕ್ಕಳು ಊರಲ್ಲಿ ಕೇಳಿರುವಂಥವು. ರಿವಾಯತ್ ಪದಗಳನ್ನು ಕನ್ನಡದಲ್ಲಿ ಕಟ್ಟಿ ಹಾಡುವ, ಹಿಂದೂ–ಮುಸ್ಲಿಮರಿಬ್ಬರೂ ಮೇಳದಲ್ಲಿ ನಿಲ್ಲುವ ರೂಢಿ ಉತ್ತರ ಕರ್ನಾಟಕದ್ದು. ಶರೀಫರೂ ಅಂಥ ಪದ ಬರೆದಿದ್ದಾರೆ. ವಾರಕ್ಕೊಬ್ಬ ಮಗು ಮನೆಯಿಂದ ಒಂದು ಹಾಡು ತಂದು ತರಗತಿಗೆ ಕಲಿಸುವ ಅಭ್ಯಾಸ ಇಟ್ಟುಕೊಂಡರೆ ವರ್ಷದ ಕೊನೆಗೆ ಪಠ್ಯದಲ್ಲಿಲ್ಲದ ಒಂದು ಹಾಡಿನ ಪುಸ್ತಕವೇ ಸಿದ್ಧವಾಗುತ್ತದೆ.

ಶಾಲೆಯ ಹೊರಗಿನ ವೇದಿಕೆ ಪ್ರತಿಭಾ ಕಾರಂಜಿ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ಮಟ್ಟಗಳಲ್ಲಿ ನಡೆಯುವ ಈ ಸ್ಪರ್ಧೆಯಲ್ಲಿ ಅಭಿನಯ ಗೀತೆ, ಭಕ್ತಿಗೀತೆ, ದೇಶಭಕ್ತಿ ಗೀತೆ ಮುಂತಾದ ವಿಭಾಗಗಳಿವೆ. ಹಳ್ಳಿಯ ಮಗುವಿಗೆ ಮೈಕಿನ ಮುಂದೆ ನಿಂತ ಅನುಭವ ಸಿಗುವುದು ಹೆಚ್ಚಾಗಿ ಇಲ್ಲಿಯೇ. ಆದರೆ ಸ್ಪರ್ಧೆಯ ತಾಲೀಮು ಆಗಲೇ ಹಾಡಲು ಬರುವ ಎರಡು ಮೂರು ಮಕ್ಕಳ ಸುತ್ತ ನಡೆಯುತ್ತದೆ. ಉಳಿದ ಮೂವತ್ತು ಮಕ್ಕಳ ಪಾಠ ತರಗತಿಯಲ್ಲೇ ಆಗಬೇಕು.

ಕಲಿಸುವವರು

ಈ ಸೀಮೆಗೆ ಸಂಗೀತ ಶಿಕ್ಷಕರನ್ನು ಕೊಟ್ಟ ದೊಡ್ಡ ಮನೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಹುಟ್ಟು ಅಂಧರಾದ ಪಂಚಾಕ್ಷರಿ ಗವಾಯಿಗಳಿಗೆ ಆಶ್ರಯ ಕೊಟ್ಟು ಸಂಗೀತ ಕಲಿಯಲು ಏರ್ಪಾಟು ಮಾಡಿದವರು ಹಾನಗಲ್ಲ ಕುಮಾರಸ್ವಾಮಿಗಳು. ಗವಾಯಿಗಳು ಕರ್ನಾಟಕ ಸಂಗೀತವನ್ನೂ, ನೀಲಕಂಠ ಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಕಲಿತು, ಅಂಧ ಮತ್ತು ಬಡ ಮಕ್ಕಳಿಗೆ ಊಟ, ವಸತಿ, ಸಂಗೀತ ಕೊಡುವ ಆಶ್ರಮ ಕಟ್ಟಿದರು. ಪುಟ್ಟರಾಜ ಗವಾಯಿಗಳು ಅದನ್ನು ಬೆಳೆಸಿದರು. ಅಲ್ಲಿ ಕಲಿತ ಅನೇಕರು ಶಾಲಾ ಸಂಗೀತ ಶಿಕ್ಷಕರೂ ಪೇಟಿ, ತಬಲಾ ಮಾಸ್ತರರೂ ಆಗಿದ್ದಾರೆ. ಪುಸ್ತಕ ನೋಡದೆ, ಕೇಳಿ ಕಲಿತು ಕೇಳಿಸಿ ಕಲಿಸುವ ಅವರ ಕ್ರಮ ಚಿಕ್ಕ ಮಕ್ಕಳಿಗೆ ತಕ್ಕ ಕ್ರಮವೂ ಹೌದು.

ಸಂಗೀತ ಬಾರದ ತರಗತಿ ಶಿಕ್ಷಕರ ಪಾಲಿಗೂ ದಾರಿಗಳಿವೆ. ಲಯದ ಆಟಗಳಿಗೆ ಗಾಯನ ಬೇಕಾಗಿಲ್ಲ. ಸರಿಯಾದ ಶ್ರುತಿಗೆ ಮೊಬೈಲಿನ ತಂಬೂರಿ ಆ್ಯಪ್ ಸಾಕು. ಊರ ಭಜನಾ ಮೇಳದವರು, ಸೋಬಾನೆ ಹಾಡುವ ತಾಯಂದಿರು, ಡೊಳ್ಳಿನ ತಂಡದವರು ಶನಿವಾರದ ಒಂದು ಗಂಟೆ ಶಾಲೆಗೆ ಬಂದರೆ ಮಕ್ಕಳಿಗೆ ಧ್ವನಿಮುದ್ರಿಕೆಗಿಂತ ಒಳ್ಳೆಯ ಮಾದರಿ ಸಿಗುತ್ತದೆ.

ಐದನೇ ತರಗತಿ ಮುಗಿಯುವ ಹೊತ್ತಿಗೆ

ಐದು ವರ್ಷ ಹೀಗೆ ಕಲಿತ ಮಗುವಿನಿಂದ ಇಷ್ಟನ್ನು ನಿರೀಕ್ಷಿಸಬಹುದು: ಹಾಡುತ್ತ ತಾಳ ತಪ್ಪದೆ ಕೈ ಹಾಕುವುದು, ದಾದರಾ, ಕೆಹರವಾಗಳನ್ನು ಕೇಳಿ ಬೇರ್ಪಡಿಸುವುದು, ಕೊಟ್ಟ ‘ಸಾ’ಗೆ ದನಿ ಕೂಡಿಸಿ ಒಂದು ಸಪ್ತಕ ಹತ್ತಿ ಇಳಿಯುವುದು, ಕೆಲವು ಸರಳ ಅಲಂಕಾರ ಹಾಡುವುದು, ನಾಡಗೀತೆ, ರಾಷ್ಟ್ರಗೀತೆಗಳ ಜೊತೆಗೆ ಒಂದು ಕೀರ್ತನೆ, ಒಂದು ತತ್ವಪದ, ಒಂದು ತ್ರಿಪದಿ, ತನ್ನ ಮನೆಯ ಒಂದು ಹಾಡನ್ನು ಪೂರ್ತಿ ಹಾಡುವುದು, ಹಾಡಿನ ಪಲ್ಲವಿ, ಚರಣ, ಅಂಕಿತ ತೋರಿಸುವುದು, ವಾದ್ಯಗಳನ್ನು ಸದ್ದಿನಿಂದ ಗುರುತಿಸುವುದು. ಇದನ್ನು ಬರೆಹದ ಪರೀಕ್ಷೆಯಿಂದ ಅಳೆಯಲಾಗದು. ವರ್ಷದ ಆರಂಭದಲ್ಲೂ ಕೊನೆಯಲ್ಲೂ ಅದೇ ಮಗುವಿನ ಅದೇ ಹಾಡನ್ನು ಮೊಬೈಲಿನಲ್ಲಿ ಮುದ್ರಿಸಿಟ್ಟು ಹೋಲಿಸಿದರೆ ಬೆಳವಣಿಗೆ ಗೊತ್ತಾಗುತ್ತದೆ.

ಮುಂದೆ ಕಲಿಯಬಯಸುವವರಿಗೆ ಈ ಸೀಮೆಯಲ್ಲಿ ರೂಢಿಯಲ್ಲಿರುವ ದಾರಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ, ಪ್ರವೇಶಿಕಾ ಪರೀಕ್ಷೆಗಳು. ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಇನ್ನೊಂದು ದಾರಿ. ಪದವಿ ಮಟ್ಟಕ್ಕೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನದೇ ಸಂಗೀತ ವಿಶ್ವವಿದ್ಯಾಲಯವಿದೆ. ಆದರೆ ಪ್ರಾಥಮಿಕ ಶಾಲೆಯ ಸಂಗೀತ ಪಾಠ ಇರುವುದು ಆ ಪರೀಕ್ಷೆಗಳ ತಯಾರಿಗಲ್ಲ. ಗಾಯಕರಾಗುವವರು ತರಗತಿಗೊಬ್ಬರಿದ್ದರೆ ಹೆಚ್ಚು. ಕೇಳುವ ಕಿವಿ, ಲಯಕ್ಕೆ ಒಗ್ಗುವ ಮೈ, ನಾಲ್ವರೊಡನೆ ಕೂಡಿ ಹಾಡುವ ಧೈರ್ಯ ಎಲ್ಲ ಮಕ್ಕಳಿಗೂ ಬೇಕು.